ಫರ್ಗ್ಯುಸನ್ ಟಿಇಡಿ-20: ಕುಮಟೆಯ ಕಡಲ ಗಾಳಿಯಲ್ಲಿ ಒಂದು ಸೀಮೆಎಣ್ಣೆ ಟ್ರ್ಯಾಕ್ಟರ್

ಹಳೆಯ ಸೀಮೆಎಣ್ಣೆ ಟ್ರ್ಯಾಕ್ಟರನ್ನು ಕೊಳ್ಳಲು ಹೊರಟವರು ಬಣ್ಣ ಮತ್ತು ಟೈರುಗಳನ್ನು ಆಮೇಲೆ ನೋಡಲಿ. ಎಂಜಿನ್ನಿನ ಬಿಸಿಯನ್ನು ಕಾಯ್ದುಕೊಳ್ಳುವ ಭಾಗಗಳೆಲ್ಲ ಸರಿಯಾಗಿ ಇವೆಯೇ ಎಂಬುದನ್ನು ಮೊದಲು ನೋಡಲಿ. ಪೆಟ್ರೋಲ್ ತಣ್ಣಗಿನ ಎಂಜಿನ್ನಿನಲ್ಲೂ ಆವಿಯಾಗುತ್ತದೆ, ಸೀಮೆಎಣ್ಣೆ ಹಾಗಲ್ಲ. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಎಂಬ ಕೊಳವೆಯ ಕಾವಿನಿಂದ ಒಳಬರುವ ಇಂಧನ ಬಿಸಿಯಾಗಿ ಆವಿಯಾದರೆ ಮಾತ್ರ ಅದು ಸರಿಯಾಗಿ ಉರಿಯುತ್ತದೆ. ಫರ್ಗ್ಯುಸನ್ ಟಿಇಡಿ-20 ನಮ್ಮ ಮನೆಗೆ ಬಂದು ಒಂದು ಮಳೆಗಾಲ ಕಳೆದ ಮೇಲೆ, ಈ ಯಂತ್ರದ ಒಳ್ಳೆಯದೂ ಕೆಟ್ಟದೂ ಈ ಒಂದು ಸಂಗತಿಯನ್ನೇ ಸುತ್ತಿಕೊಂಡಿವೆ ಎಂದು ನನಗೆ ಖಚಿತವಾಗಿದೆ.

ಇದು ಸೇರಿದ ಟಿಇ-20 ಸರಣಿಯ ಟ್ರ್ಯಾಕ್ಟರುಗಳನ್ನು 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ತಯಾರಿಸಿತು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಹ್ಯಾರಿ ಫರ್ಗ್ಯುಸನ್ ರೂಪಿಸಿದ, ನೇಗಿಲಿನಂಥ ಉಪಕರಣಗಳನ್ನು ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ಮೂರು ಬಿಂದುಗಳ ಜೋಡಣೆ ಇಂದಿನ ಬಹುತೇಕ ಎಲ್ಲ ಟ್ರ್ಯಾಕ್ಟರುಗಳ ಹಿಂಬದಿಯಲ್ಲೂ ಇದೆ. ಕೊಳ್ಳುವವರು ಹೆಸರುಫಲಕದ ಅಕ್ಷರಗಳನ್ನು ಓದಲೇಬೇಕು. ಟಿಇಎ ಎಂದಿದ್ದರೆ ಅದು ಪೆಟ್ರೋಲಿನದು, ಟಿಇಎಫ್ ಡೀಸೆಲಿನದು, ಟಿಇಡಿ ಎಂದರೆ ಟ್ರ್ಯಾಕ್ಟರಿಗೆಂದೇ ಸಿದ್ಧಪಡಿಸಿದ ಸೀಮೆಎಣ್ಣೆಯದು. ಟಿಇಎಚ್ ಎಂಬುದು ದೀಪಕ್ಕೆ ಹಾಕುವ ಎಣ್ಣೆಗಾಗಿಯೇ ಮಾಡಿದ ಮತ್ತೊಂದು ಬಗೆ. ಯುದ್ಧಾನಂತರದ ಬ್ರಿಟನ್ನಿನಲ್ಲಿ 1950ರವರೆಗೆ ಪೆಟ್ರೋಲಿಗೆ ಪಡಿತರವಿತ್ತು, ತೆರಿಗೆಯೂ ಇತ್ತು. ಅಗ್ಗದ ಎಣ್ಣೆಯಲ್ಲಿ ಓಡುವ ಎಂಜಿನ್ನಿಗೆ ಅಲ್ಲಿ ಬೇಡಿಕೆ ಬಂದದ್ದು ಹೀಗೆ.

ನನ್ನದು ಹಾವೇರಿ ಕಡೆಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಬಹುಕಾಲ ನಿಂತಿದ್ದ ಗಾಡಿ. ಗುಜರಿಯ ತೂಕಕ್ಕಿಂತ ಹೆಚ್ಚು, ಹೊಸ ಪವರ್ ಟಿಲ್ಲರಿಗಿಂತ ಕಡಿಮೆ ಬೆಲೆಗೆ ದೊರೆಯಿತು. ಆರ್‌ಸಿ ಪುಸ್ತಕವನ್ನು ಮೊದಲೇ ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಮಾರುವವರ ಅಂಗಳದಲ್ಲಿಯೇ ನಾನು ಪರೀಕ್ಷಿಸಿದ್ದು ಮ್ಯಾನಿಫೋಲ್ಡಿನ ಬಿರುಕು, ಅದರ ಕಾವು ಹಿಡಿದಿಡುವ ತಗಡಿನ ಹೊದಿಕೆ, ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್, ಮತ್ತು ಪೆಟ್ರೋಲಿನ ಚಿಕ್ಕ ಕೋಣೆಯೂ ಸೀಮೆಎಣ್ಣೆಯ ದೊಡ್ಡ ಕೋಣೆಯೂ ಒಂದರಲ್ಲೇ ಇರುವ ಟ್ಯಾಂಕನ್ನು. ಎಷ್ಟೋ ಗಾಡಿಗಳಲ್ಲಿ ಹಿಂದಿನ ಮಾಲೀಕರು ಆ ತಗಡನ್ನು ಕಿತ್ತೆಸೆದು, ನೇರವಾಗಿ ಪೆಟ್ರೋಲಿನಲ್ಲಿ ಓಡಿಸಿರುತ್ತಾರೆ. ಅಂಥದು ಓಡುತ್ತದೆಯಾದರೂ ಸೀಮೆಎಣ್ಣೆ ಟ್ರ್ಯಾಕ್ಟರಾಗಿ ಉಳಿದಿರುವುದಿಲ್ಲ.

ಚಾಲೂ ಮಾಡುವ ಕೆಲಸಕ್ಕೆ ಟ್ರ್ಯಾಕ್ಟರ್ ಗ್ಯಾರೇಜಿನವರಿಗಿಂತ ಹೆಚ್ಚು ನೆರವಾದವರು ತದಡಿ ಕಡೆಯಲ್ಲಿ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿ. ಪೆಟ್ರೋಲಿನಲ್ಲಿ ಶುರುಮಾಡಿ, ಕಾವೇರಿದ ಮೇಲೆ ಚಿಮಣಿ ಎಣ್ಣೆಗೆ ತಿರುಗಿಸುವ ಕ್ರಮ ನಮ್ಮ ಕರಾವಳಿಯ ದೋಣಿಯವರಿಗೆ ನಿತ್ಯದ ಸಂಗತಿ. ಡೀಸೆಲನ್ನಷ್ಟೇ ಬಲ್ಲ ಮೆಕ್ಯಾನಿಕ್ಕಿಗೆ ಅದು ಅಪರಿಚಿತ. ಮೇಸ್ತ್ರಿಯ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರುಗಳಿಗೆ ಎಂಜಿನ್ ಆಯಿಲ್ ಹನಿಸಿ ನೆನೆಯಲು ಬಿಟ್ಟು, ಹ್ಯಾಂಡಲಿನಿಂದ ಎಂಜಿನ್ ಸಲೀಸಾಗಿ ತಿರುಗುತ್ತದೆ ಎಂದು ಖಾತ್ರಿಯಾದ ಮೇಲೆಯೇ ಅವರು ಮುಂದುವರಿದರು. ಟ್ಯಾಂಕಿನ ಹಳೆಯ ಎಣ್ಣೆ ಅಂಟಾಗಿತ್ತು, ತಳದಲ್ಲಿ ನೀರಿತ್ತು. ಅದನ್ನೆಲ್ಲ ಸುರಿದು ಟ್ಯಾಂಕ್ ತೊಳೆದರು, ಕಾರ್ಬ್ಯುರೇಟರಿನ ಬಟ್ಟಲು ಮತ್ತು ಜೆಟ್ಟುಗಳನ್ನು ಶುಚಿಮಾಡಿದರು, ಪ್ಲಗ್ಗುಗಳಿಗೆ ಕಿಡಿ ಬರಿಸುವ ಪಾಯಿಂಟುಗಳನ್ನು ನಯವಾದ ಉಜ್ಜುಕಾಗದದಿಂದ ಉಜ್ಜಿದರು. ಬ್ಯಾಟರಿ ಜೋಡಿಸುವಾಗ ಎಚ್ಚರ ಬೇಕು: ಈಗಿನ ಗಾಡಿಗಳಿಗೆ ತಿರುಗುಮುರುಗಾಗಿ, ಇದರಲ್ಲಿ ಪಾಸಿಟಿವ್ ತುದಿಯೇ ಗಾಡಿಯ ಲೋಹದ ಮೈಗೆ ಸೇರುತ್ತದೆ.

ಈ ಟ್ರ್ಯಾಕ್ಟರಿನಲ್ಲಿ ಸ್ಟಾರ್ಟರಿಗೆ ಪ್ರತ್ಯೇಕ ಗುಂಡಿಯಿಲ್ಲ. ಗೇರಿನ ಕೋಲನ್ನೇ ‘ಎಸ್’ ಎಂಬ ಸ್ಥಾನಕ್ಕೆ ತಳ್ಳಿದಾಗ ಎಂಜಿನ್ ತಿರುಗುತ್ತದೆ. ಆದ್ದರಿಂದ ಸ್ಟಾರ್ಟರಿನಿಂದ ಶುರುಮಾಡುವಾಗ ಗಾಡಿ ಗೇರಿನಲ್ಲಿದ್ದು ಮುಂದಕ್ಕೆ ಹಾರುವ ಅಪಾಯವಿಲ್ಲ. ಇಷ್ಟು ಸರಳವಾದ ಸುರಕ್ಷತೆಯನ್ನು ನಾನು ಬೇರಾವ ಹಳೆಯ ಯಂತ್ರದಲ್ಲೂ ಕಂಡಿಲ್ಲ. ಹ್ಯಾಂಡಲ್ ಹೊಡೆಯುವುದಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು; ಎಂಜಿನ್ ಹಿಮ್ಮುಖವಾಗಿ ಒದೆದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.

ಪೆಟ್ರೋಲಿನಲ್ಲಿ ಎಂಜಿನ್ ಎದ್ದುಕೊಂಡ ಕೂಡಲೇ ಇಂಧನದ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸುವ ಆತುರ ಬೇಡ. ತಾಪಮಾನದ ಮುಳ್ಳು ಚೆನ್ನಾಗಿ ಮೇಲೇರುವವರೆಗೆ ಕಾಯಬೇಕು. ಕಾಯದಿದ್ದರೆ ಬಿಳಿ ಹೊಗೆ ಏಳುತ್ತದೆ, ಉರಿಯದೆ ಉಳಿದ ಸೀಮೆಎಣ್ಣೆ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು, ಎಂಜಿನ್ನಿನ ತಳದ ಸಂಪಿನಲ್ಲಿರುವ ಆಯಿಲನ್ನು ತೆಳ್ಳಗೆ ಮಾಡುತ್ತದೆ, ಬೇರಿಂಗುಗಳ ಆಯುಷ್ಯ ತಗ್ಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿದರೆ, ಆಯಿಲ್ ಬದಲಿಸಲೇಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲೇ ಉಳಿದು ಮರುದಿನದ ಕೆಲಸ ಸುಲಭವಾಗುತ್ತದೆ. ಕಾವು ಹಿಡಿದು, ಹೊರೆ ಎಳೆಯುತ್ತಿರುವಾಗ ಈ ಎಂಜಿನ್ ಹೊರಡಿಸುವ ದನಿ ಮಾತ್ರ ಬಹಳ ಸೊಗಸು. ಖಾಲಿಯಾಗಿ ಗುರುಗುಟ್ಟುತ್ತ ನಿಂತಾಗ ಅದು ತಣ್ಣಗಾಗಿ ಮುನಿಸಿಕೊಳ್ಳುತ್ತದೆ.

ಇಂಧನದ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಮಿತಿಯಿದೆ. ಟಿಇಡಿಗೆ ಬೇಕಾದ ಟ್ರ್ಯಾಕ್ಟರ್ ಎಣ್ಣೆ ನಮ್ಮಲ್ಲಿ ಸಿಗುವುದಿಲ್ಲ. ಸಾದಾ ಸೀಮೆಎಣ್ಣೆಯ ಆಕ್ಟೇನ್, ಅಂದರೆ ಎಂಜಿನ್ ಬಡಿತವನ್ನು ತಡೆಯುವ ಗುಣ, ಅದಕ್ಕಿಂತ ಕಡಿಮೆಯಾದ್ದರಿಂದ ಹೊರೆ ಬಿದ್ದಾಗ ಎಂಜಿನ್ ಬಡಿದುಕೊಳ್ಳುತ್ತದೆ; ಅದನ್ನು ತಡೆಯಲು ಸ್ವಲ್ಪ ಪೆಟ್ರೋಲ್ ಬೆರೆಸಬೇಕಾಗುತ್ತದೆ, ಮತ್ತು ಬೆರೆಸಿದ ಎಣ್ಣೆಯನ್ನು ಬೆಂಕಿಯ ವಿಷಯದಲ್ಲಿ ಪೆಟ್ರೋಲೆಂದೇ ಎಣಿಸಬೇಕು. ಪಡಿತರದ ನೀಲಿ ಸೀಮೆಎಣ್ಣೆಯನ್ನಾಗಲಿ, ಮೀನುಗಾರರ ಪಾಲಿನದನ್ನಾಗಲಿ ಇದಕ್ಕೆ ಸುರಿಯುವುದು ಕಾನೂನಿಗೂ ನ್ಯಾಯಕ್ಕೂ ವಿರುದ್ಧ. ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆಯನ್ನು ಕೊಂಡರೆ ಉಳಿತಾಯವೆಂಬ ಲೆಕ್ಕ ನಿಲ್ಲುವುದಿಲ್ಲ.

ಬಿಡಿಭಾಗಗಳ ಚಿಂತೆ ನಾನು ಹೆದರಿದಷ್ಟು ಇಲ್ಲ. 2088 ಸಿಸಿಯ ಈ ಎಂಜಿನ್ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಎಂಜಿನ್ನಿನ ಬಂಧು. ಸಿಲಿಂಡರಿನ ಒಳಗೋಡೆಯಾದ ಲೈನರುಗಳು ಬದಲಿಸಲು ಬರುವಂಥವು, ಹೀಗಾಗಿ ಸವೆದ ಸಿಲಿಂಡರಿಗೆ ಇಡೀ ಬ್ಲಾಕನ್ನು ಎಸೆಯಬೇಕಿಲ್ಲ. ಬ್ರಿಟನ್ನಿನಲ್ಲಿ ಇಂದಿಗೂ ಹೊಸ ಭಾಗಗಳನ್ನು ತಯಾರಿಸುವವರಿದ್ದಾರೆ, ಬುಷ್ ಮತ್ತು ಪಿನ್ನುಗಳನ್ನು ನಮ್ಮ ಲೇತ್ ಅಂಗಡಿಗಳಲ್ಲೇ ಮಾಡಿಸಿಕೊಳ್ಳಬಹುದು.

ಅಘನಾಶಿನಿ ನದಿಯ ಗಜನಿ ಗದ್ದೆಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗೆ, ಇದನ್ನು ಇಳಿಸಬಾರದು. ಟನ್ನಿಗೂ ಮಿಕ್ಕಿದ ತೂಕ ಆ ಕೆಸರಿನಲ್ಲಿ ಹೂತುಹೋಗುತ್ತದೆ, ಉಪ್ಪುನೀರು ಬ್ರೇಕಿನ ಡ್ರಮ್ಮುಗಳನ್ನು ತಿನ್ನುತ್ತದೆ. ಗಟ್ಟಿ ನೆಲದ ಮಕ್ಕಿಗದ್ದೆಯ ಒಣ ಉಳುಮೆಗೆ, ಸೊಪ್ಪು, ಗೊಬ್ಬರ ಸಾಗಿಸುವುದಕ್ಕೆ ಸಾಕಷ್ಟು ಶಕ್ತಿ ಇದರಲ್ಲಿದೆ. ಆದರೂ ಬಿತ್ತನೆಯ ಹಂಗಾಮನ್ನು ಇದೊಂದರ ಮೇಲೆಯೇ ನಂಬಿ ಕೂರುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಯಂತ್ರವನ್ನು ಅರಿತು ನಡೆಸುವ ತಾಳ್ಮೆಯೂ, ಉಪ್ಪುಗಾಳಿ ತಾಗದ ಒಂದು ಮಾಡೂ ಇರುವವರು ಧೈರ್ಯವಾಗಿ ಕೊಳ್ಳಬಹುದು. ಕೊಂಡವರು ಮಳೆಗಾಲದಲ್ಲಿಯೂ ಆಗಾಗ ಅದನ್ನು ಚಾಲೂ ಮಾಡಿ, ಪೂರ್ತಿ ಕಾವೇರುವವರೆಗೆ ಓಡಿಸಿ ನಿಲ್ಲಿಸಲಿ. ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚುವುದನ್ನು ಮರೆಯದಿರಲಿ.