ಅಸ್ತ್ರ ಒಲೆಯ ಜೊತೆ ಏಳು ವರ್ಷ: ಕಟ್ಟಿಸುವ ಮೊದಲು ಹೊಗೆ ಕೊಳವೆಯ ಬಗ್ಗೆ ಕೇಳಿ

ಮೂರನೇ ವರ್ಷದ ಮಳೆಗಾಲದಲ್ಲಿ ಸೌದೆ ಉಳಿಸುವ, ಚಿಮಣಿಯಿರುವ ಈ ಅಸ್ತ್ರ ಒಲೆಯನ್ನು ಒಡೆದು ಹಾಕಲು ಹಾರೆ ಕೈಗೆ ತೆಗೆದುಕೊಂಡಿದ್ದೆ. ಅತ್ತೆ ಅಡ್ಡ ಬಂದರು. ಈಗ ಒಲೆಗೆ ಏಳು ವರ್ಷ ತುಂಬಿದೆ, ರಾತ್ರಿಯ ಹಿಟ್ಟು, ಅಂದರೆ ಮುದ್ದೆ, ಇವತ್ತಿಗೂ ಅದರ ಮೇಲೇ ಆಗುತ್ತದೆ. ಕಟ್ಟಿಸಬೇಕು ಅಂದುಕೊಂಡವರು ಆಗಾಗ ನಮ್ಮ ಮನೆಗೆ ಬಂದು ನೋಡಿಕೊಂಡು ಹೋಗುತ್ತಾರೆ. ಬಂದವರೆಲ್ಲ ಸೌದೆ ಎಷ್ಟು ಉಳಿಯುತ್ತದೆ, ಖರ್ಚೆಷ್ಟು ಬಂತು ಎಂದು ಕೇಳುತ್ತಾರೆ. ಹೊಗೆ ಕೊಳವೆಯ ವಿಚಾರ ಯಾರೂ ಎತ್ತುವುದಿಲ್ಲ. ಕಟ್ಟಿಸುವಾಗ ನಾನೂ ಎತ್ತಿರಲಿಲ್ಲ.

ನಮ್ಮದು ಮದ್ದೂರು ತಾಲ್ಲೂಕು. ಒಂದಿಷ್ಟು ಕಬ್ಬು, ಗದ್ದೆ ಬದಿಯಲ್ಲಿ ತೆಂಗು, ಮನೆ ಹಿಂದೆ ಹಿಪ್ಪುನೇರಳೆ, ಜೊತೆಗೆ ರೇಷ್ಮೆ ಹುಳ. ಮನೆಯಲ್ಲಿ ಗ್ಯಾಸ್ ಮೊದಲಿನಿಂದಲೂ ಇದೆ. ಆದರೂ ಹಿತ್ತಿಲ ಚಪ್ಪರದ ಕೆಳಗಿನ ಮಣ್ಣಿನ ಒಲೆ ಆರಿದ ದಿನವೇ ಇರಲಿಲ್ಲ. ಅತ್ತೆಗೆ ಗ್ಯಾಸಿನ ಮೇಲೆ ಹಿಟ್ಟು ಮಾಡಲು ಮನಸ್ಸಿಲ್ಲ, ನಾಟಿ ಕೊಯ್ಲಿನ ದಿನಗಳಲ್ಲಿ ಹತ್ತು ಹನ್ನೆರಡು ಆಳಿಗೆ ಅನ್ನ ಸಾರು ಆಗಬೇಕು, ಅದಕ್ಕೆಲ್ಲ ಸಿಲಿಂಡರ್ ಸುಟ್ಟರೆ ಕೈ ಕಚ್ಚುತ್ತದೆ. ನಲವತ್ತು ವರ್ಷ ಅದೇ ಒಲೆ ಊದಿ ಊದಿ ಅತ್ತೆಗೆ ಕೆಮ್ಮು ಕಾಯಂ ಆಗಿತ್ತು, ಸಂಜೆಯಾದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹೊಸ ಒಲೆ ಬೇಕು ಅನ್ನಿಸಿದ್ದು ಆ ಕಣ್ಣು ನೋಡಲಾರದೆ.

ಮೊದಲು ಮಂಡ್ಯದ ಅಂಗಡಿಯಲ್ಲಿ ಫ್ಯಾನ್ ಹಾಕಿದ ತಗಡಿನ ಒಲೆ ನೋಡಿದೆವು. ಚಿಕ್ಕ ಚೂರುಗಳನ್ನು ಚೆನ್ನಾಗಿ ಉರಿಸುತ್ತಿತ್ತು, ಹೊಗೆಯೂ ಕಡಿಮೆ. ಆದರೆ ಅದರ ಮೇಲೆ ಐದು ಸೇರು ಹಿಡಿಯುವ ಪಾತ್ರೆ ಇಟ್ಟು ಹಿಟ್ಟಿನ ಕೋಲು ತಿರುವಿದರೆ ಒಲೆಯೇ ಉರುಳುವ ಹಾಗಿತ್ತು. ಬೇಡ ಅಂದುಕೊಂಡು ಅಸ್ತ್ರ ಒಲೆ ಕಟ್ಟಿಸುವುದು ಅಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಕೆಲಸಕ್ಕೆಂದೇ ಶುರುವಾದ ‘ಅಸ್ತ್ರ’ ಎಂಬ ವಿಭಾಗದವರು ರೂಪಿಸಿದ ಒಲೆ ಇದು. ಅವರು ಹಳ್ಳಿಯಲ್ಲೇ ಇದ್ದು ಕೆಲಸ ಮಾಡಿದ ಕೇಂದ್ರ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ನಮ್ಮಂಥದೇ ಅಡುಗೆ, ನಮ್ಮಂಥದೇ ಸೌದೆ ನೋಡಿ ಮಾಡಿದ ಒಲೆ ಎಂಬ ನಂಬಿಕೆ ನನಗೆ ಬಂದದ್ದು ಅದರಿಂದ. ಒಂದೇ ಬೆಂಕಿಗೆ ಸಾಲಾಗಿ ಮೂರು ಪಾತ್ರೆಯ ಬಾಯಿ, ಕೆಳಗೆ ಬೂದಿ ಉದುರುವ ಜಾಲರಿ, ಕೊನೆಗೆ ಹೊಗೆ ಹೊರಗೆ ಕಳಿಸುವ ಚಿಮಣಿ, ಇಷ್ಟೇ ಇದರ ರಚನೆ.

ಕಟ್ಟಿಸಿದ್ದು 2017ರ ಯುಗಾದಿ ಕಳೆದ ಮೇಲೆ. ಇಟ್ಟಿಗೆ, ಜಾಲರಿ, ಸಿಮೆಂಟ್ ಪೈಪು, ಮೇಸ್ತ್ರಿಯ ಎರಡು ದಿನದ ಕೂಲಿ ಎಲ್ಲ ಸೇರಿ 4,600 ರೂಪಾಯಿ ಬಿತ್ತು. ಹುತ್ತದ ಮಣ್ಣು ನಮ್ಮ ಹೊಲದ್ದೇ. ಒಳಗಡೆ ಬೆಂಕಿ ತಾಗುವ ಜಾಗಕ್ಕೆ ಸಿಮೆಂಟ್ ಗಾರೆ ಹಾಕಿಸಬೇಡಿ, ಕಾವಿಗೆ ಬಿರುಕು ಬಿಡುತ್ತದೆ. ಹುತ್ತದ ಮಣ್ಣು ಜರಡಿ ಹಿಡಿದು, ಹೊಟ್ಟು ಸೇರಿಸಿ ಎರಡು ದಿನ ಕಲಸಿಟ್ಟು ಬಳಸಿದರೆ ಕಲ್ಲಿನಂತೆ ನಿಲ್ಲುತ್ತದೆ. ಇನ್ನೊಂದು ವಿಚಾರ, ಮೇಸ್ತ್ರಿ ಬರುವ ದಿನ ನಿಮ್ಮ ಪಾತ್ರೆಗಳನ್ನೇ ತಂದು ಮುಂದಿಡಿ. ಒಲೆಯ ಬಾಯಿಗಳನ್ನು ಪಾತ್ರೆಯ ಅಳತೆಗೇ ಕೂರಿಸಬೇಕು. ಪಾತ್ರೆಗೂ ಬಾಯಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿದರೂ ತಣ್ಣನೆ ಗಾಳಿ ಅಲ್ಲಿಂದ ಒಳಕ್ಕೆ ಎಳೆದುಕೊಂಡು ಚಿಮಣಿಯ ಸೆಳೆತ ಕೆಡುತ್ತದೆ. ಅತ್ತೆ ತಮ್ಮ ಹಿಟ್ಟಿನ ಪಾತ್ರೆ, ಸಾರಿನ ತಪ್ಪಲೆ, ನೀರಿನ ಗುಂಡಿ ಮೂರನ್ನೂ ಎದುರಿಗಿಟ್ಟು ಕೂತಿದ್ದರು. ಹಾಗಾಗಿ ನಮ್ಮ ಒಲೆಗೆ ಆ ತೊಂದರೆ ಬರಲಿಲ್ಲ.

ಸಂಜೆ ಐದೂವರೆಗೆ ಅತ್ತೆ ಹಿಂದಿನ ದಿನದ ಬೂದಿ ಎಳೆಯುತ್ತಾರೆ. ಅರ್ಧ ಪಾತ್ರೆ ಉಜ್ಜಲು, ಅರ್ಧ ಬಿತ್ತನೆಯ ಅವರೆಕಾಳಿಗೆ ಬೆರೆಸಿಡಲು ಡಬ್ಬಕ್ಕೆ ಹೋಗುತ್ತದೆ. ಒಲೆಯ ಮೈಗೆ ಒದ್ದೆ ಬಟ್ಟೆಯಲ್ಲಿ ಕೆಮ್ಮಣ್ಣು ಸಾರಿಸಿ, ಒಂದೆಳೆ ರಂಗೋಲಿ ಎಳೆದ ಮೇಲೇ ಬೆಂಕಿ. ಎರಡು ಕರಟವನ್ನು ಒಂದರೊಳಗೊಂದು ಕೂರಿಸದೆ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ನಡುವೆ ಒಣ ಸೋಗೆಯ ಒಂದು ಗರಿ ತೂರಿಸಿ ಕಡ್ಡಿ ಗೀರುತ್ತಾರೆ. ಊದುಕೊಳವೆ ಗೋಡೆಗೆ ಒರಗಿ ನಿಂತಿರುತ್ತದೆ, ಅದಕ್ಕೆ ಕೆಲಸವೇ ಇಲ್ಲ. ಒಂದು ನಿಮಿಷದಲ್ಲಿ ಬೆಂಕಿ ‘ಗುಂ’ ಎಂದು ಚಿಮಣಿಯ ಕಡೆಗೆ ವಾಲಿ ಎಳೆದುಕೊಳ್ಳುತ್ತದೆ. ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಹಿತ. ಮೊದಲ ಬಾಯಿಗೆ ಎಸರು, ಎರಡನೆಯದಕ್ಕೆ ಬಸ್ಸಾರಿಗೆ ಬೇಯುವ ಸೊಪ್ಪು ಕಾಳು, ಕೋಡೊಲೆ ಅನ್ನುವ ಕೊನೆಯ ಬಾಯಿಗೆ ನೀರು.

ಹಿಟ್ಟು ತಿರುವುವಾಗ ಈ ಒಲೆಯ ಬೆಲೆ ಗೊತ್ತಾಗುತ್ತದೆ. ಹಳೆಯ ಒಲೆಯಲ್ಲಾದರೆ ಪಾತ್ರೆ ಕೆಳಗಿಳಿಸಿ, ಕವೆಗೋಲಿನಲ್ಲಿ ಒತ್ತಿ ಹಿಡಿದು ತಿರುವಬೇಕಿತ್ತು. ಇಲ್ಲಿ ಪಾತ್ರೆ ಬಾಯಿಯೊಳಗೆ ಅರ್ಧ ಇಳಿದು ಕೂತಿರುತ್ತದೆ. ಉರಿ ತಗ್ಗಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು ಎಷ್ಟೇ ತೊಳಸಿದರೂ ಪಾತ್ರೆ ಅಲುಗುವುದಿಲ್ಲ. ಗಂಟಿಲ್ಲದ ಮುದ್ದೆ ಮಾಡಲು ನಾನು ಕಲಿತದ್ದು ಈ ಒಲೆಯ ಮೇಲೆ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ.

ನಾನು ಎಣಿಸಿರದ ಸುಖ ಕೊಟ್ಟದ್ದು ಕೊನೆಯ ಕೋಡೊಲೆ. ಅದಕ್ಕೆಂದು ಒಂದು ಕಡ್ಡಿಯನ್ನೂ ಹೆಚ್ಚಿಗೆ ಹಾಕುವುದಿಲ್ಲ. ಮುಂದಿನ ಎರಡು ಪಾತ್ರೆ ದಾಟಿ ಬಂದ ಬಿಸಿ ಹೊಗೆಯಲ್ಲೇ ಗುಂಡಿ ತುಂಬ ನೀರು ಕಾಯುತ್ತದೆ. ಕುದಿಯುವುದಿಲ್ಲ, ಆದರೆ ಮುಖ ಕೈಕಾಲು ತೊಳೆಯಲು, ಎಣ್ಣೆ ಜಿಡ್ಡಿನ ಪಾತ್ರೆ ಬೆಳಗಲು, ಹೊಲದಿಂದ ಬಂದವರ ಸ್ನಾನಕ್ಕೆ ಸಾಕು. ಧನುರ್ಮಾಸದ ಬೆಳಗ್ಗೆ ಬೇಗ ಒಲೆ ಹಚ್ಚಿದರೆ ಮಗಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಸ್ನಾನದ ನೀರು ಸಿದ್ಧ. ಮೊದಲ ಎರಡು ವರ್ಷ ಬಂದವರ ಮುಂದೆಲ್ಲ ಈ ಒಲೆಯನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆಯ ಕೆಮ್ಮು ಇಳಿಯಿತು. ಚಪ್ಪರದ ಬೊಂಬುಗಳಿಗೆ ಹೊಸ ಮಸಿ ಹಿಡಿಯುವುದು ನಿಂತಿತು.

2019ರ ಮಳೆಗಾಲದಲ್ಲಿ ಎಲ್ಲ ತಿರುಗುಮುರುಗಾಯಿತು. ಮೊದಮೊದಲು ಬೆಂಕಿ ಹಚ್ಚುವಾಗ ಮಾತ್ರ ಸೌದೆ ಬಾಯಿಯಿಂದ ಒಂದಿಷ್ಟು ಹೊಗೆ ವಾಪಸ್ ಬರುತ್ತಿತ್ತು. ಆಮೇಲೆ ಅಡುಗೆ ಮುಗಿಯುವವರೆಗೂ ಬರತೊಡಗಿತು. ಕೋಡೊಲೆಯ ನೀರು ಉಗುರು ಬೆಚ್ಚಗೂ ಆಗದು. ಎರಡನೇ ಬಾಯಿಯ ಸೊಪ್ಪು ಬೇಯಲು ಒಂದು ಗಂಟೆ. ಊದುಕೊಳವೆ ಮತ್ತೆ ಅತ್ತೆಯ ಕೈಗೆ ಬಂತು, ಅದರ ಹಿಂದೆ ಕೆಮ್ಮೂ ಬಂತು. ಹಳೆಯ ಒಲೆಗಿಂತ ಕಡೆಯಾಯಿತಲ್ಲ ಎಂದು ನನಗೆ ಅಳುವೇ ಬಂತು. ಕಟ್ಟಿದ ಮೇಸ್ತ್ರಿಗೆ ಮೂರು ಸಲ ಹೇಳಿ ಕಳಿಸಿದರೂ ಅವರು ಬರಲಿಲ್ಲ. ಒಂದು ಭಾನುವಾರ ಹಾರೆ ಹಿಡಿದು ನಿಂತೆ. “ಒಡೀಬ್ಯಾಡ ಕನವ್ವ, ಇನ್ನೊಬ್ರ ಕೈಲಿ ಒಂದು ಸಲ ತೋರ್ಸುವ,” ಅಂತ ಅತ್ತೆ ಹಾರೆ ಇಸಿದುಕೊಂಡರು.

ಪಕ್ಕದ ಊರಿಂದ ಬಂದ ವಯಸ್ಸಾದ ಗಾರೆ ಕೆಲಸದವರು ಒಲೆ ನೋಡಲೇ ಇಲ್ಲ. ಚಿಮಣಿ ಪೈಪಿಗೆ ಬೆರಳಿನಿಂದ ತಟ್ಟುತ್ತಾ ಕಿವಿಯಿಟ್ಟು ಕೇಳಿದರು. “ಒಲೆ ಹಾಳಾಗಿಲ್ಲ ಕನಕ್ಕ, ಇದ್ರ ಗಂಟ್ಲು ಕಟ್ಕೊಂಡದೆ,” ಅಂದರು. ಪೈಪು ಬಿಚ್ಚಿಸಿ ನೋಡಿದರೆ, ನಾಲ್ಕು ಇಂಚಿನ ಕೊಳವೆಯಲ್ಲಿ ಹೆಬ್ಬೆರಳು ತೂರುವಷ್ಟು ಜಾಗ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಟಾರಿನಂತೆ ಅಂಟಿದ ಮಸಿ. ಒಂದು ಮೊರ ತುಂಬಿ ಮೇಲೆ ಉಳಿಯಿತು.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಆಗಷ್ಟೇ ಕಡಿದ ಹಸಿ ಸೌದೆಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರುತ್ತದೆ. ಅದನ್ನು ಉರಿಸಿದರೆ ಬೆಂಕಿಯ ಬಿಸಿ ಆ ನೀರನ್ನು ಆವಿ ಮಾಡುವುದಕ್ಕೇ ಹೋಗಿ, ಸೌದೆ ಪೂರ್ತಿ ಉರಿಯದೆ ದಟ್ಟ ಹೊಗೆ ಏಳುತ್ತದೆ. ಈ ಹೊಗೆ ಮೂರು ಪಾತ್ರೆಗೂ ತನ್ನ ಕಾವು ಕೊಟ್ಟು ಕೊಳವೆ ಸೇರುವಾಗ ಆರಿರುತ್ತದೆ. ಆರಿದ ಹೊಗೆಯಲ್ಲಿರುವ ತೇವವೂ ಜಿಗುಟೂ ತಣ್ಣನೆಯ ಪೈಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಅಂದರೆ ನಾನು ಅಷ್ಟು ಮೆಚ್ಚಿಕೊಂಡಿದ್ದ ಕೋಡೊಲೆಯ ಬಿಸಿನೀರೇ ಕೊಳವೆಯನ್ನು ತಂಪು ಮಾಡುತ್ತಿತ್ತು. ಹಳೆಯ ಒಲೆ ಕಾವನ್ನು ಸುಮ್ಮನೆ ಚೆಲ್ಲುತ್ತಿತ್ತು, ಮಸಿ ಚಪ್ಪರಕ್ಕೆ ಹಿಡಿಯುತ್ತಿತ್ತು. ಈ ಒಲೆ ಕಾವನ್ನು ಉಳಿಸುತ್ತದೆ, ಮಸಿಯನ್ನು ಕೊಳವೆಯಲ್ಲಿ ಕೂಡಿಡುತ್ತದೆ. ಅದನ್ನು ತೆಗೆಯುವ ಕೆಲಸ ನಮ್ಮದು.

ಕಟ್ಟಿದವರ ಮೇಲೆ ನನಗಿರುವ ಸಿಟ್ಟು ಇದಕ್ಕೇ. ಮಸಿ ತೆಗೆಯಬೇಕು ಎಂದು ಅವರು ಹೇಳಲಿಲ್ಲ, ತೆಗೆಯಲು ಬಾಗಿಲೂ ಬಿಟ್ಟಿರಲಿಲ್ಲ. ಹೊಸಬರು ಚಿಮಣಿಯ ಬುಡದಲ್ಲಿ ಒಂದು ಇಟ್ಟಿಗೆಯಷ್ಟು ಕಿಂಡಿ ಕೊರೆದು, ಅದೇ ಇಟ್ಟಿಗೆಯನ್ನು ಮುಚ್ಚಳವಾಗಿ ಇಟ್ಟು ಸಂದಿಗೆ ಮಣ್ಣು ಮೆತ್ತಿಕೊಟ್ಟರು. ಪೈಪಿನ ತುದಿ ಹೆಂಚಿನ ಸೂರಿಗಿಂತ ತಗ್ಗಾಗಿತ್ತು, ಮೂರಡಿ ಎತ್ತರಿಸಿ ಮಳೆನೀರಿಗೆ ತಗಡಿನ ಟೋಪಿ ಹಾಕಿದರು. ಎಲ್ಲಕ್ಕೂ ಸೇರಿ 900 ರೂಪಾಯಿ. ಮೊದಲ ದಿನವೇ ಆಗಬೇಕಾಗಿದ್ದ ಕೆಲಸ ಅದು.

ಈಗ ಹದಿನೈದು ದಿನಕ್ಕೊಮ್ಮೆ ಶನಿವಾರ, ಒಲೆ ಪೂರ್ತಿ ಆರಿದ ಮೇಲೆ, ಯಜಮಾನರು ಏಣಿ ಹತ್ತಿ ಟೋಪಿ ತೆಗೆಯುತ್ತಾರೆ. ಹಗ್ಗದ ನಡುವೆ ಗೋಣಿಚೀಲದ ಉಂಡೆ, ತುದಿಗೊಂದು ಕಲ್ಲು. ಮೇಲಿಂದ ಬಿಟ್ಟು ನಾಲ್ಕೈದು ಸಲ ಎಳೆದಾಡಿದರೆ ಮಸಿಯೆಲ್ಲ ಬುಡಕ್ಕೆ ಉದುರುತ್ತದೆ. ಇಟ್ಟಿಗೆ ತೆಗೆದು ಬಾಚಿಕೊಂಡು, ಮತ್ತೆ ಮಣ್ಣು ಮೆತ್ತುತ್ತೇನೆ. ಅರ್ಧ ಗಂಟೆಯ ಕೆಲಸ. ಇಷ್ಟು ಮಾಡಿದ ಮೇಲೆ ಐದು ವರ್ಷದಿಂದ ಹೊಗೆ ಒಮ್ಮೆಯೂ ಒಳಗೆ ತಿರುಗಿಲ್ಲ.

ಸೌದೆಯ ವಿಚಾರದಲ್ಲಿ ನಾವು ಪುಣ್ಯವಂತರು. ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಈ ಒಲೆಗೆಂದೇ ಬೆಳೆದ ಹಾಗಿದೆ. ಬೆರಳು ಗಾತ್ರ, ಮೊಳದುದ್ದ ಮುರಿದರೆ ಸೌದೆ ಬಾಯಿಗೆ ಸರಿಯಾಗಿ ಹೋಗುತ್ತದೆ, ಉರಿ ಸಮವಾಗಿ ನಿಲ್ಲುತ್ತದೆ. ಹುಳ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟ ಮೇಲೆ ಮನೆಯಲ್ಲಿ ರಾಶಿ ರಾಶಿ ಕಡ್ಡಿ ಉಳಿಯುತ್ತದೆ. 2019ರಲ್ಲಿ ನಾವು ಮಾಡಿದ್ದ ತಪ್ಪು ಅಂದರೆ ಆ ಹಸಿ ಕಡ್ಡಿಯನ್ನೇ ವಾರದೊಳಗೆ ಉರಿಸಿದ್ದು. ಈಗ ಒಂದು ಬೆಳೆಯ ಕಡ್ಡಿಯನ್ನು ಮುಂದಿನ ಬೆಳೆ ಮುಗಿಯುವವರೆಗೆ ಸೂರಿನ ಕೆಳಗೆ ಅಟ್ಟಿ ಒಣಗಿಸುತ್ತೇವೆ. ಮುರಿದರೆ ‘ಲಟ್’ ಅನ್ನಬೇಕು, ಬಗ್ಗಿದರೆ ಒಲೆಗಿಲ್ಲ. ಹೆಚ್ಚು ಕಾವು ಬೇಕಾದಾಗ ಕರಟ. ತೆಂಗಿನ ಗರಿಯ ದಪ್ಪ ದಿಂಡು, ಎಡಮಟ್ಟೆ, ಸೀಳಿ ಒಣಗಿಸಿದರೆ ಒಳ್ಳೆಯದೇ. ತೆಂಗಿನಕಾಯಿ ಸಿಪ್ಪೆಯನ್ನು ಮಾತ್ರ ಈ ಒಲೆಗೆ ಹಾಕುವುದು ಬಿಟ್ಟೆವು, ಅದು ಹೊಗೆಯಾಡುತ್ತಾ ಕೂರುತ್ತದೆ, ಬಚ್ಚಲ ಹಂಡೆಯ ಒಲೆಗೆ ಹೋಗಲಿ. ಕಬ್ಬಿನ ತರಗು ಭಗ್ಗೆಂದು ಉರಿದು ಕ್ಷಣದಲ್ಲಿ ಮುಗಿಯುತ್ತದೆ, ಪಕ್ಕದಲ್ಲೇ ಕೂತು ತುಂಬುತ್ತಾ ಇರಬೇಕು.

ಕೊರತೆಗಳು ಇನ್ನೂ ಇವೆ. ದಪ್ಪ ಕೊರಡನ್ನು ಹಾಗೇ ನೂಕಲು ಬರುವುದಿಲ್ಲ, ಸೀಳಲೇಬೇಕು. ರೊಟ್ಟಿ ಹೆಂಚು ಇದರ ಬಾಯಿಗೆ ಕೂರುವುದಿಲ್ಲ, ಅಕ್ಕಿರೊಟ್ಟಿ ಏನಿದ್ದರೂ ಗ್ಯಾಸಿನ ಮೇಲೆ. ಬೆಳಗಿನ ಕಾಫಿಯೂ ಗ್ಯಾಸಿನದೇ, ಒಂದು ಲೋಟಕ್ಕೆ ಮೂರು ಬಾಯಿಯ ಒಲೆ ಹಚ್ಚುವುದು ದಂಡ. ಬರೀ ಒಂದು ಪಾತ್ರೆ ಇಡುವುದಾದರೂ ಉಳಿದೆರಡು ಬಾಯಿಯನ್ನು ಮುಚ್ಚಲೇಬೇಕು. ಹಿಟ್ಟು ತಿರುವಿ ತಿರುವಿ ಮೊದಲ ಬಾಯಿಯ ಅಂಚು ವರ್ಷಕ್ಕೊಮ್ಮೆ ಬಿರುಕು ಬಿಡುತ್ತದೆ, ಮತ್ತೆ ಹುತ್ತದ ಮಣ್ಣು ಕಲಸಬೇಕು. ಚಿಮಣಿ ಇದ್ದ ಮಾತ್ರಕ್ಕೆ ಕಿಟಕಿ ಮುಚ್ಚಬೇಡಿ. ಕೆಂಡದಿಂದ ಬರುವ ವಿಷಗಾಳಿ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು.

ಮೈಸೂರಿನಲ್ಲಿರುವ ತಂಗಿ ನಮ್ಮ ಒಲೆ ನೋಡಿ ತನ್ನ ಮನೆಯ ತಾರಸಿಯ ಮೇಲೂ ಕಟ್ಟಿಸುತ್ತೇನೆ ಅಂದಳು. ಬೇಡ ಅಂದೆ. ಅವಳದು 30×40 ಸೈಟು, ಚಿಮಣಿಯ ಹೊಗೆ ನೇರ ಪಕ್ಕದವರ ಮಹಡಿಯ ಕಿಟಕಿಗೇ ಹೋಗುತ್ತದೆ. ಸೌದೆಯನ್ನೂ ಡಿಪೋದಿಂದ ದುಡ್ಡು ಕೊಟ್ಟು ತರಬೇಕು. ನಮಗೆ ಸೌದೆಗೆ ಕಾಸಿಲ್ಲ, ಅದಕ್ಕೆ ಗಿಟ್ಟುತ್ತದೆ. 2023ರ ಬೇಸಿಗೆಯಲ್ಲಿ ಸಿಲಿಂಡರ್ 1,100 ರೂಪಾಯಿ ದಾಟಿದಾಗ ನಮ್ಮ ಮನೆಯ 14.2 ಕೆ.ಜಿ. ಸಿಲಿಂಡರ್ ಮೂರು ತಿಂಗಳು ಬಂತು. ಮೊದಲಾದರೆ ಐದಾರು ವಾರಕ್ಕೆ ಮುಗಿಯುತ್ತಿತ್ತು.

ಬಚ್ಚಲ ಹಂಡೆಯ ಒಲೆಗೆ ಇನ್ನೂ ಚಿಮಣಿಯಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದೊಳಗೆ ಅದಕ್ಕೂ ಒಂದು ಮಾಡಿಸಬೇಕು ಅಂತ ಅತ್ತೆ ಹಟ ಹಿಡಿದಿದ್ದಾರೆ. ಈ ಬೆಳೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಅದೇ ಗಾರೆಯವರು ಬರುತ್ತಾರೆ. ಚಿಮಣಿಯ ಬುಡದ ಕಿಂಡಿಗೆ ಬೇಕಾದ ಇಟ್ಟಿಗೆಯನ್ನು ಈಗಲೇ ಆರಿಸಿ ಬೇರೆ ತೆಗೆದಿಟ್ಟಿದ್ದೇನೆ.