ಬಿ ರೂಟ್ ಸರ್ವರ್‌ನ ವಿಳಾಸ ಬದಲಾವಣೆ: ಐದಕ್ಕೆ ನಾಲ್ಕೂವರೆ ಸ್ಟಾರ್

2023ರ ನವೆಂಬರ್ 27ಕ್ಕೆ ಬಿ ರೂಟ್ ನೇಮ್ ಸರ್ವರ್‌ನ ಐಪಿ ವಿಳಾಸ 199.9.14.201 ಇದ್ದದ್ದು 170.247.170.2 ಆಯಿತು. ಐಪಿವಿ6 (ಐಪಿಯ ಹೊಸ ಆವೃತ್ತಿ) ವಿಳಾಸವೂ ಜೊತೆಗೇ ಬದಲಾಯಿತು. ಯಾರ ವಾಟ್ಸಾಪೂ ನಿಲ್ಲಲಿಲ್ಲ, ಯುಪಿಐ ಪೇಮೆಂಟೂ ಸಿಕ್ಕಿಕೊಳ್ಳಲಿಲ್ಲ. ಈ ಸೇವೆಯ ಬಗ್ಗೆ ಕನ್ನಡದಲ್ಲಿ ಯಾರೂ ರಿವ್ಯೂ ಬರೆದಂತೆ ಕಾಣಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಅನ್ನುತ್ತಾರೆ, ಆ ಹುಡುಕಾಟ ಶುರುವಾಗುವ ಜಾಗವೇ ರೂಟ್ ಸರ್ವರ್. ಎ ಇಂದ ಎಂ ವರೆಗೆ 13 ಹೆಸರಿನ ರೂಟ್ ಸರ್ವರ್‌ಗಳಿವೆ. ಬಿ ನಡೆಸುವವರು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐಎಸ್‌ಐ ಅನ್ನುವ ಸಂಶೋಧನಾ ಸಂಸ್ಥೆ, 1983ರಲ್ಲಿ ಡಿಎನ್‌ಎಸ್ ಹುಟ್ಟಿದ್ದೇ ಅಲ್ಲಿ. ನಮ್ಮ ಆಫೀಸಿನಲ್ಲೋ ಇಂಟರ್ನೆಟ್ ಕೊಡುವವರ ಹತ್ತಿರವೋ ಇದ್ದು ನಮ್ಮ ಪರವಾಗಿ ಹೆಸರು ಹುಡುಕುವ ರಿಸಾಲ್ವರ್ ಆನ್ ಆದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಅದರ ಕೈಯಲ್ಲಿರುವುದು ರೂಟ್ ಹಿಂಟ್ಸ್ ಅನ್ನುವ ಒಂದು ಚಿಕ್ಕ ಫೈಲು, ಅದರಲ್ಲಿ ಆ 13 ಹೆಸರು ಮತ್ತು ವಿಳಾಸ. ಅದರಲ್ಲಿ ಯಾವುದಾದರೂ ಒಂದು ವಿಳಾಸವನ್ನು ಹಿಡಿದು "ಈಗಿನ ಪಟ್ಟಿ ಕೊಡಿ" ಅಂತ ಕೇಳುತ್ತದೆ. ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ಒಬ್ಬರು ಉತ್ತರ ಕೊಟ್ಟರೆ ಸಾಕು, ಹೊಸ ಪಟ್ಟಿ ಸಿಕ್ಕಿಬಿಡುತ್ತದೆ. ಅದಕ್ಕೇ ಒಂದು ವಿಳಾಸ ಹಳೆಯದಾಗಿದ್ದರೂ ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಜನ ಫೈಲ್ ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಸುಮ್ನೆ ಇರುವುದೂ ಇದೇ ಧೈರ್ಯದ ಮೇಲೆ.

ಈಗ ಸೇವೆಯ ವಿಷಯ. ವಿಳಾಸ ಬದಲಿಸುವುದು ಯಾರಿಗೂ ಕಷ್ಟವಲ್ಲ. ಬದಲಿಸಿದ ಮೇಲೆ ಹಳೇ ವಿಳಾಸವನ್ನು ಏನು ಮಾಡುತ್ತಾರೆ ಅನ್ನುವುದರ ಮೇಲೆ ನಾನು ಮಾರ್ಕು ಹಾಕುವುದು. ಇಲ್ಲಿ ಐಎಸ್‌ಐ ಚೆನ್ನಾಗಿ ಮಾಡಿದೆ. ತಿಂಗಳುಗಳ ಮೊದಲೇ ತಾರೀಖು ಹೇಳಿದರು. ಹಳೇ ವಿಳಾಸದಲ್ಲಿ ಕನಿಷ್ಠ ಒಂದು ವರ್ಷ, ಅಂದರೆ 2024ರ ನವೆಂಬರ್ 27ರವರೆಗೆ, ಉತ್ತರ ಕೊಡುತ್ತೇವೆ ಅಂತಲೂ ಹೇಳಿದರು. ಅಂಗಡಿ ಜಾಗ ಬದಲಿಸಿದವರು ಹಳೇ ಶಟರ್ ಮೇಲೆ ಒಂದು ಬೋರ್ಡ್ ತಗುಲಿಹಾಕಿ ಹೋಗುತ್ತಾರೆ, ಇವರು ಎರಡೂ ಕಡೆ ಬಾಗಿಲು ತೆಗೆದಿಟ್ಟು ವ್ಯಾಪಾರ ಮಾಡಿದರು.

ಬದಲಿಸಿದ ಕಾರಣವೂ ನನಗೆ ಹಿಡಿಸಿತು. ಹೊಸ ವಿಳಾಸ ಬಂದಿರುವುದು ಲ್ಯಾಟಿನ್ ಅಮೆರಿಕದಲ್ಲಿ ಐಪಿ ವಿಳಾಸ ಹಂಚುವ ನೋಂದಣಿ ಸಂಸ್ಥೆ ಲ್ಯಾಕ್ನಿಕ್‌ನಿಂದ, ಅದರ ಕಚೇರಿ ಉರುಗ್ವೆಯ ಮೊಂಟೆವಿಡಿಯೋದಲ್ಲಿದೆ. ರೂಟ್ ಸರ್ವರ್‌ಗಳಲ್ಲಿ ಅಲ್ಲಿಂದ ವಿಳಾಸ ಪಡೆದದ್ದು ಇದೇ ಮೊದಲು. ಎಲ್ಲ 13ರ ವಿಳಾಸಗಳೂ ಒಂದೆರಡು ನೋಂದಣಿ ಸಂಸ್ಥೆಗಳ ಕೈಯಲ್ಲೇ ಇರುವುದಕ್ಕಿಂತ ಹೀಗೆ ಹಂಚಿಕೊಂಡಿರುವುದು ಒಳ್ಳೆಯದು, ಅಲ್ವಾ?

ನಮ್ಮ ಕಡೆ ಏನಾಯಿತು ಹೇಳುತ್ತೇನೆ. ಬೈಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಓಡುವ ಒಂದು ಹಳೇ ಸರ್ವರ್ ರೀಸ್ಟಾರ್ಟ್ ಮಾಡಿದಾಗ ಲಾಗ್‌ನಲ್ಲಿ 'ಚೆಕ್‌ಹಿಂಟ್ಸ್' ಅಂತ ಶುರುವಾಗುವ ಸಾಲುಗಳು ಬಂದವು. ಬಿ ರೂಟ್‌ನ 170.247.170.2 ಹಿಂಟ್ಸ್‌ನಲ್ಲಿ ಇಲ್ಲ ಅಂತ ಒಂದು, 199.9.14.201 ಹಿಂಟ್ಸ್‌ನಲ್ಲಿ ಜಾಸ್ತಿ ಇದೆ ಅಂತ ಇನ್ನೊಂದು. ಐಪಿವಿ6ಗೂ ಹಾಗೇ ಒಂದು ಜೊತೆ. ಅಷ್ಟೇ. ಹೆಸರುಗಳೆಲ್ಲ ಮೊದಲಿನ ಹಾಗೇ ಸಿಗುತ್ತಿದ್ದವು. ಬೈಂಡ್ 9.18.20ರಲ್ಲಿ ಹೊಸ ವಿಳಾಸ ಒಳಗೇ ಸೇರಿಕೊಂಡು ಬಂದಿತ್ತು, ಅದನ್ನು ಹಾಕಿದ ಮೇಲೆ ಲಾಗ್ ಕೂಡ ತಣ್ಣಗಾಯಿತು.

ತಲೆಬಿಸಿ ಆದದ್ದು ಫೈರ್‌ವಾಲ್ ಡಬ್ಬಿಯಿಂದ. ಯಾವ ಕಂಪನಿ ಅಂತ ಹೇಳುವುದಿಲ್ಲ. ಅದರೊಳಗೂ ಒಂದು ರಿಸಾಲ್ವರ್ ಇದೆ, ಹಿಂಟ್ಸ್ ಪಟ್ಟಿ ಫರ್ಮ್‌ವೇರ್‌ನಲ್ಲೇ ಕೂತಿದೆ, ನಾವು ಕೈ ಹಾಕುವ ಹಾಗಿಲ್ಲ. ಸಪೋರ್ಟಿಗೆ ಫೋನ್ ಮಾಡಿ ಪಟ್ಟಿ ಯಾವಾಗ ಬದಲಿಸುತ್ತೀರಿ ಅಂದರೆ "ಇಂಟರ್ನೆಟ್ ಬರ್ತಾ ಇದೆ ಅಲ್ವಾ ಸಾರ್?" ಅಂದರು. ಬರ್ತಾ ಇದೆ ಸ್ವಾಮಿ, ಆದರೆ ನಾನು ಕೇಳಿದ್ದು ಅದನ್ನಲ್ಲ.

ಹಳೇ ವಿಳಾಸಕ್ಕೆ ಬರುವವರು ಎಷ್ಟು ದಿನ ಬರುತ್ತಾರೆ ಅನ್ನುವುದಕ್ಕೆ ಜೆ ರೂಟ್ ನೋಡಿ. ಅದು ಮೊದಲು ಎ ರೂಟ್ ಇರುವ ವಿಳಾಸಗಳ ಬ್ಲಾಕಿನಲ್ಲೇ (ಗುಂಪಿನಲ್ಲೇ) 198.41.0.10 ಆಗಿತ್ತು, 2002ರ ನವೆಂಬರ್‌ನಲ್ಲಿ 192.58.128.30 ಆಯಿತು. 13 ವರ್ಷ ಕಳೆದರೂ ಹಳೇ ವಿಳಾಸಕ್ಕೆ ಪ್ರಶ್ನೆಗಳು ಬರುತ್ತಲೇ ಇದ್ದವು ಅಂತ ಅದನ್ನು ನಡೆಸುವ ವೆರಿಸೈನ್‌ನವರೇ 2015ರಲ್ಲಿ ತೋರಿಸಿದ್ದಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಿ ರೂಟ್ 2013ರ ಜನವರಿಯಲ್ಲಿ ಬದಲಾದಾಗ ಇನ್ನೂ ವಿಚಿತ್ರ: ಹಳೇದು ಹೊಸದು ಎರಡೂ ಸೇರಿಸಿ ನೋಡಿದರೆ ಬರುವ ಪ್ರಶ್ನೆಗಳು ಮೊದಲಿಗಿಂತ ಜಾಸ್ತಿಯಾಗಿದ್ದವು.

ನನ್ನ ಲೆಕ್ಕದಲ್ಲಿ ಕಡಿಮೆ ಮಾರ್ಕು ಎಲ್ ರೂಟ್‌ಗೆ. 2007ರ ನವೆಂಬರ್ 1ರಂದು ಅದನ್ನು ನಡೆಸುವ ಐಕ್ಯಾನ್ (ಇಂಟರ್ನೆಟ್ ಹೆಸರು, ವಿಳಾಸಗಳ ಉಸ್ತುವಾರಿ ಸಂಸ್ಥೆ) 198.32.64.12ರಿಂದ 199.7.83.42ಕ್ಕೆ ಒಯ್ದಿತು. ಹಳೇ ಬ್ಲಾಕು ಐಕ್ಯಾನ್‌ನದ್ದಲ್ಲ. 2008ರ ಮೇ ಹೊತ್ತಿಗೆ ನೋಡಿದರೆ ಬೇರೆಯವರು ಅದೇ ವಿಳಾಸದಲ್ಲಿ ಕೂತು ಉತ್ತರ ಕೊಡುತ್ತಿದ್ದಾರೆ! ಅವರು ಕೊಟ್ಟ ಉತ್ತರ ತಪ್ಪು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ನಿಜ, ಆದರೆ ಹಳೇ ಹಿಂಟ್ಸ್ ಇಟ್ಟುಕೊಂಡು ಎದ್ದ ರಿಸಾಲ್ವರ್ ಮೊದಲು ಅವರ ಬಾಗಿಲು ತಟ್ಟಿದ್ದರೆ, ಅವರು ಕೆಟ್ಟವರಾಗಿದ್ದರೆ, ಇಡೀ ಪಟ್ಟಿಯನ್ನೇ ಸುಳ್ಳು ಕೊಡಬಹುದಿತ್ತು. ಉತ್ತರ ಅಸಲಿಯೋ ಅಂತ ಪರೀಕ್ಷಿಸಲು ಬೇಕಾದ ಡಿಎನ್‌ಎಸ್‌ಸೆಕ್ ಸಹಿ ರೂಟ್‌ಗೆ ಬಂದದ್ದು 2010ರಲ್ಲಿ, ಅದೂ ಸಹಿ ನೋಡುವ ರಿಸಾಲ್ವರ್‌ಗಳಿಗೆ ಮಾತ್ರ ಕಾವಲು.

ಹಾಗಾದರೆ ಬಿ ರೂಟ್‌ಗೆ ಅರ್ಧ ಸ್ಟಾರ್ ಏಕೆ ಕಟ್? 2017ರ ಅಕ್ಟೋಬರ್‌ನಲ್ಲೂ ಒಮ್ಮೆ ಬದಲಿಸಿದ್ದರು, 192.228.79.201ರಿಂದ ಈಗ ಬಿಟ್ಟಿರುವ 199.9.14.201ಕ್ಕೆ. ಆರೇ ವರ್ಷಕ್ಕೆ ಮತ್ತೆ. ಆಗಾಗ ಹೀಗೆ ಮಾಡಿದರೆ ನಮ್ಮ ಫೈರ್‌ವಾಲ್ ಕಂಪನಿಯಂಥವರು ಜನ್ಮದಲ್ಲಿ ಹಿಡಿಯಲಾರರು. "ಕನಿಷ್ಠ ಒಂದು ವರ್ಷ" ಅನ್ನುವ ಮಾತಿನಲ್ಲಿ ಆ ಕನಿಷ್ಠವೂ ನನಗೆ ಸಾಲದು, ಹಳೇ ಬ್ಲಾಕನ್ನು ಯಾವತ್ತೂ ಬೇರೆಯವರಿಗೆ ಬಿಡುವುದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಪೂರ್ತಿ ಐದು ಕೊಡುತ್ತಿದ್ದೆ.

ಡೆಬಿಯನ್ ಬಳಸುವವರು ಡಿಎನ್‌ಎಸ್-ರೂಟ್-ಡೇಟಾ ಪ್ಯಾಕೇಜ್ ಅಪ್‌ಡೇಟ್ ಮಾಡಿ. ವಿಂಡೋಸ್ ಡಿಎನ್‌ಎಸ್ ಸರ್ವರ್ ಇದ್ದರೆ ಪ್ರಾಪರ್ಟೀಸ್‌ನಲ್ಲಿ ರೂಟ್ ಹಿಂಟ್ಸ್ ಟ್ಯಾಬ್ ತೆಗೆದು ಬಿ ಎದುರಿಗೆ ಯಾವ ವಿಳಾಸ ಇದೆ ನೋಡಿ. 192.228 ಅಂತ ಶುರುವಾದರೆ 2017ರಿಂದ ಯಾರೂ ಆ ಕಡೆ ತಲೆ ಹಾಕಿಲ್ಲ ಅಂತಲೇ ಲೆಕ್ಕ.