ಶೆಟ್ಟಿಹಳ್ಳಿ ಚರ್ಚಿಗೆ ಅರ್ಧ ದಿನದ ಪ್ರವಾಸ: ಪಾಠ ಸೊಗಸು, ವ್ಯವಸ್ಥೆ ಸಾಧಾರಣ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನಂಚಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಚಿತ್ರದಲ್ಲಾದರೂ ನೋಡದವರು ನಮ್ಮ ಕಡೆ ಕಡಿಮೆ. ಮಳೆಗಾಲದಲ್ಲಿ ಅರೆ ಮುಳುಗಿ, ಬೇಸಿಗೆಯಲ್ಲಿ ಬುಡದವರೆಗೂ ತೆರೆದುಕೊಳ್ಳುವ ಆ ಗೋಡೆಗಳ ಮುಂದೆ ನಾನೂ ಮೂರು ಸಲ ಫೋಟೊ ತೆಗೆಸಿಕೊಂಡು ಬಂದವನೇ. ಆದರೆ ಅದರೊಳಗೆ ಜನ ಏನನ್ನು ನಂಬಿ ಮೊಣಕಾಲೂರುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾಸನದ ಪ್ರವಾಸ ವ್ಯವಸ್ಥಾಪಕರೊಬ್ಬರು ಕ್ರೈಸ್ತ ಧರ್ಮದ ಪರಿಚಯವನ್ನೂ ಸೇರಿಸಿ ಏರ್ಪಡಿಸಿದ್ದ ಅರ್ಧ ದಿನದ ಪ್ರವಾಸಕ್ಕೆ ತಲಾ 900 ರೂಪಾಯಿ ಕೊಟ್ಟು ಪತ್ನಿಯೊಂದಿಗೆ ಹೋದದ್ದು ಆ ಕಾರಣಕ್ಕಾಗಿ.

ಮಾರ್ಗದರ್ಶಿ ನಿವೃತ್ತ ಇತಿಹಾಸ ಮೇಷ್ಟ್ರು. ಬಸ್ಸಿನಲ್ಲಿಯೇ ಅವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಕಥೆಯನ್ನು ಎತ್ತಿಕೊಂಡರು. 1792ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯ ಜನರ ನಡುವೆ ಅವರಂತೆಯೇ ಉಡುಪು ತೊಟ್ಟು ಬದುಕಿ, ಸಿಡುಬಿನ ಲಸಿಕೆ ಹಾಕಿಸಲು ಊರೂರು ಸುತ್ತಿ, 1823ರಲ್ಲಿ ತಾಯ್ನಾಡಿಗೆ ಮರಳಿದ ಈ ಪಾದ್ರಿಯ ನಂತರ, 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳೇ ಶೆಟ್ಟಿಹಳ್ಳಿಯ ಚರ್ಚನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ ಎಂಬ ಊರಿನ ಮಾತನ್ನು ಮೇಷ್ಟ್ರು ಊರಿನ ಮಾತೆಂದೇ ಹೇಳಿದ್ದು ನನಗೆ ಹಿಡಿಸಿತು.

ಪ್ರವಾಸದ ನಿಜವಾದ ಬೆಲೆ ತಿಳಿದದ್ದು ಚಾವಣಿಯಿಲ್ಲದ ಆ ಒಳಾಂಗಣದಲ್ಲಿ. ಬೇಲೂರಿನಲ್ಲಿ ದೇವರು ಗರ್ಭಗುಡಿಯಲ್ಲಿ, ನಾವು ನವರಂಗದಲ್ಲಿ. ಇಲ್ಲಾದರೋ ಇಡೀ ಸಭೆ ಒಂದೇ ಮಾಡಿನ ಕೆಳಗೆ ಕುಳಿತು, ಒಂದು ಕೊನೆಯಲ್ಲಿರುವ ಬಲಿಪೀಠದತ್ತ ಮುಖ ಮಾಡುತ್ತದೆ ಎಂದು ಅವರು ಮಾತು ಶುರುಮಾಡಿದರು. ಆ ಪೀಠ ಊಟದ ಮೇಜೂ ಹೌದು. ಗಲಿಲಾಯದ ಯೆಹೂದಿ ಬೋಧಕ ಯೇಸು, ರೋಮನ್ ಅಧಿಕಾರಿ ಪೊಂತಿಯುಸ್ ಪಿಲಾತನ ಆಜ್ಞೆಯಂತೆ ಕ್ರಿ.ಶ. 30ರ ಆಸುಪಾಸಿನಲ್ಲಿ ಶಿಲುಬೆಗೇರುವ ಮುನ್ನ ಶಿಷ್ಯರೊಂದಿಗೆ ಉಂಡ ಕೊನೆಯ ಊಟವನ್ನು ಅಲ್ಲಿ ಆಚರಿಸುತ್ತಾರೆ. ಆತನ ಸಾವು ಮನುಷ್ಯರ ಪಾಪಕ್ಕಾಗಿ ಆದ ಬಲಿ, ಮೂರನೆಯ ದಿನ ಆತ ಎದ್ದು ಬಂದ ಎಂಬುದೇ ಈ ಧರ್ಮದ ತಿರುಳು. ಪುನರುತ್ಥಾನವನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಒಳ್ಳೆಯ ಗುರುವಿನ ಉಪದೇಶ ಮಾತ್ರ. ನಂಬಿ ಎಂದು ಅವರು ಹೇಳಲಿಲ್ಲ, ನಂಬಬೇಡಿ ಎಂದೂ ಹೇಳಲಿಲ್ಲ.

ಇತಿಹಾಸದ ಇಸವಿಗಳನ್ನು ಅವರು ನಮ್ಮ ಜಿಲ್ಲೆಯ ಇಸವಿಗಳಿಗೆ ಗಂಟು ಹಾಕಿದ ಬಗೆಯಂತೂ ನೆನಪಿನಲ್ಲಿ ಉಳಿಯುವಂಥದು. ಮಗನಾದ ಯೇಸು ಪಿತನಾದ ದೇವರಿಂದ ಸೃಷ್ಟಿಯಾದವನು ಎಂದ ಪಾದ್ರಿ ಆರಿಯುಸನ ವಾದವನ್ನು, ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಕರೆಸಿದ ಬಿಷಪರ ನೈಸಿಯಾ ಸಭೆ ತಳ್ಳಿಹಾಕಿ, ಇಬ್ಬರದೂ ಒಂದೇ ತತ್ತ್ವ ಎಂದು ತೀರ್ಮಾನಿಸಿತು. ಹಾಗಾದರೆ ಯೇಸು ದೇವರೋ, ಮನುಷ್ಯನೋ? ಪೂರ್ಣವಾಗಿ ಎರಡೂ ಎಂದು ಚಾಲ್ಸಿಡನ್ ಸಭೆ ಹೇಳಿದ್ದು 451ರಲ್ಲಿ, ಅಂದರೆ ನಮ್ಮ ಹಲ್ಮಿಡಿಯಲ್ಲಿ ಕನ್ನಡದ ಶಾಸನ ಕಲ್ಲಿಗೆ ಬಿದ್ದ ಕಾಲದಲ್ಲಿ. ಅದನ್ನು ಒಪ್ಪದ ಈಜಿಪ್ಟಿನ ಕಾಪ್ಟರು, ಆರ್ಮೇನಿಯನ್ನರು ಇಂದಿಗೂ ಬೇರೆ ಪಂಗಡಗಳಾಗಿಯೇ ಇದ್ದಾರೆ. ರೋಮಿನ ಪಶ್ಚಿಮ ಚರ್ಚು ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೂರ್ವ ಚರ್ಚುಗಳ ಬಿರುಕಿನ ಗುರುತಾಗಿ ಉಳಿದ ವರ್ಷ 1054, ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವುದಕ್ಕೆ 63 ವರ್ಷ ಮೊದಲು. ನಾನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲದಿದ್ದ ಇಸವಿಗಳಿವು.

ಆದರೆ ಇಷ್ಟಕ್ಕೇ ಒಂದೂವರೆ ತಾಸು ಹೋಯಿತು. 1517ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್‌ನಿಂದ ಈಚಿನದೆಲ್ಲವನ್ನೂ ಹತ್ತು ನಿಮಿಷದಲ್ಲಿ ಮುಗಿಸಿದ್ದು ಅನ್ಯಾಯ. ಯೇಸುವಿನ ಶಿಷ್ಯ ಸಂತ ತೋಮನು ಕ್ರಿ.ಶ. 52ರಲ್ಲಿ ಬಂದನೆಂದು ನಂಬುವ ಕೇರಳದ ಸುರಿಯಾನಿ ಕ್ರೈಸ್ತರ ಮಾತೇ ಬರಲಿಲ್ಲ. ಕನ್ನಡಿಗರ ಗುಂಪಿಗೆ ಪಾಠ ಹೇಳುವಾಗ, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮಿಷನರಿ ಮೋಗ್ಲಿಂಗ್ ಅವರನ್ನೂ, 1894ರಲ್ಲಿ ನಿಘಂಟು ಕೊಟ್ಟ ಮಿಷನರಿ ಕಿಟ್ಟೆಲ್ ಅವರನ್ನೂ ಬಿಡಬಹುದೇ? ಕೈಗೆ ಕೊಟ್ಟ ಕರಪತ್ರದಲ್ಲಿ ಒಂದು ಕಡೆ 'ಶುಭಸಂದೇಶ', ಇನ್ನೊಂದು ಕಡೆ 'ಸುವಾರ್ತೆ' ಎಂದಿತ್ತು; ಮೊದಲನೆಯದು ಕಥೋಲಿಕರ ಬಳಕೆ, ಎರಡನೆಯದು ಪ್ರೊಟೆಸ್ಟೆಂಟರದು, ಎರಡೂ ಯೇಸುವಿನ ಬದುಕು, ಬೋಧನೆ ಹೇಳುವ ಬೈಬಲ್ ಭಾಗದ ಹೆಸರೇ ಎಂಬ ಒಂದು ಸಾಲಿನ ವಿವರಣೆ ಇಲ್ಲದ್ದರಿಂದ ನಮ್ಮ ಗುಂಪಿನ ಹಲವರು ಅವು ಎರಡು ಬೇರೆ ಪುಸ್ತಕಗಳೆಂದೇ ತಿಳಿದರು.

ವ್ಯವಸ್ಥೆಯ ವಿಷಯಕ್ಕೆ ಬಂದರೆ, ಏಳು ಗಂಟೆಗೆ ಹೊರಡಬೇಕಿದ್ದ ಬಸ್ಸು ಹೊರಟದ್ದು ಎಂಟಕ್ಕೆ ಹತ್ತು ನಿಮಿಷವಿರುವಾಗ. ಪರಿಣಾಮವಾಗಿ ಪಾಠ ನಡೆದದ್ದು ನೆತ್ತಿ ಸುಡುವ ಬಿಸಿಲಿನಲ್ಲಿ, ಅಲ್ಲಿ ನೆರಳಿಗೆ ಗೋಡೆಯ ಮಗ್ಗುಲೊಂದೇ ಗತಿ. ತಿಂಡಿಯ ಇಡ್ಲಿ ಆರಿತ್ತು, ಕಾಫಿಗೆ ಮಾತ್ರ ದೋಷ ಹೇಳಲಾರೆ. ಹಿರಿಯರು ಕೂರಲು ನಾಲ್ಕು ಮಡಿಸುವ ಕುರ್ಚಿಗಳನ್ನಾದರೂ ತರಬಹುದಿತ್ತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮೂರು ಮೇಷ್ಟ್ರಿಗೆ, ಅರ್ಧ ಕಾಫಿಗೆ. ಹೋಗುವವರು ನೀರು ಇಳಿದಿರುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೋಗಿ, ಕೊಡೆ ಒಯ್ಯಿರಿ, ಲೂಥರ್‌ನ ಸರದಿ ಬಂದಾಗ ಮೇಷ್ಟ್ರನ್ನು ಪ್ರಶ್ನೆ ಕೇಳಿ ನಿಲ್ಲಿಸಿಕೊಳ್ಳಿ.